ಗೇಣುದ್ದದ ವೈರು

ಸ್ವೆಟರ್ ತಲೆಯಿಂದ ಎಳೆಯುವಾಗ ರೇವಂತನ ಕಿವಿ ಮಿಷನ್ನಿನ ವೈರು ಪಟ್ಟನೆ ತುಂಡಾಯಿತು. ಕಿವಿಯ ಹಿಂದಿನ ಮಿಷನ್ನಿನಿಂದ ತಲೆಗೆ ಅಂಟುವ ಬಿಲ್ಲೆಗೆ ಹೋಗುವ ಗೇಣುದ್ದದ ವೈರು. ಅದಿಲ್ಲದಿದ್ದರೆ, ಆಪರೇಷನ್ ಮಾಡಿ ಒಳಗೆ ಕೂರಿಸಿದ್ದೆಲ್ಲ ಇದ್ದೂ ಇಲ್ಲದ ಹಾಗೆ. ಹುಡುಗ ಅಮ್ಮನ ಬಾಯಿಯನ್ನೇ ನೋಡುತ್ತ ನಿಂತ.

ಅಮ್ಮ ಚೈತ್ರ ಗಡಿಯಾರ ನೋಡಿದಳು. ಹನ್ನೊಂದಕ್ಕೆ ಬಸವೇಶ್ವರನಗರದ ಶಾಲೆಯಲ್ಲಿ ಇಂಟರ್‌ವ್ಯೂ. ‘ಕೇಳಿಸಿಕೊಂಡು ಉತ್ತರ ಹೇಳಿದ್ರೆ ಮಾತ್ರ ಸೀಟು’ ಎಂದು ಹೆಡ್ ಮೇಡಂ ಮೊದಲೇ ಹೇಳಿದ್ದರು. ಹೊಸ ವೈರು ಬರಲು ಎರಡು ವಾರ ಬೇಕೆಂದರು ಕಂಪನಿಯವರು.

ಮಾತು ಕಲಿಸುವ ಕ್ಲಾಸಿನಲ್ಲಿ ಪಕ್ಕದಲ್ಲಿ ಕೂರುತ್ತಿದ್ದ ಬಸವ್ವ ನೆನಪಾದಳು. ಅವಳ ಮಗಳು ಸೌಮ್ಯಶ್ರೀಗೂ ಅದೇ ಮಿಷನ್. ಚೈತ್ರ ಫೋನಿನಲ್ಲೇ ಅತ್ತುಬಿಟ್ಟಳು. ಆ ಕಡೆ ಏನೋ ಕಟಕ್ಕೆಂದಿತು.

"ಅಳೂದು ಬಿಟ್ಟು ಆಟೋ ಹತ್ರಿ. ನಮ್ಮ ಹತ್ರ ಒಂದು ಸ್ಪೇರ್ ಐತಿ."

ನಂದಿನಿ ಲೇಔಟಿನ ಮನೆ ಗೇಟಿನಲ್ಲೇ ಬಸವ್ವ ಕವರು ಹಿಡಿದು ನಿಂತಿದ್ದಳು. "ಚಾ ಆಮ್ಯಾಲ ಕುಡಿಯೂಣು, ಮೊದಲ ಹೋಗ್ರಿ!"

ಶಾಲೆಯಲ್ಲಿ ಹೆಡ್ ಮೇಡಂ ಬೇಕೆಂದೇ ಹುಡುಗನ ಬೆನ್ನ ಹಿಂದೆ ಹೋಗಿ ನಿಂತರು. "ನಿಮ್ಮನೆ ನಾಯಿ ಹೆಸರೇನಪ್ಪಾ?"

"ನಾಯಿ ಇಲ್ಲ. ಬೆಕ್ಕಿದೆ. ಅದಕ್ಕೆ ಹೆಸರಿಟ್ಟಿಲ್ಲ."

ಮೇಡಂ ನಕ್ಕುಬಿಟ್ಟರು. "ಜೂನ್‌ನಿಂದ ಕಳ್ಸಿ."

ಸಂಜೆ ಮಗನೊಡನೆ ವೈರು ಹಿಂದಿರುಗಿಸಲು ಹೋದರೆ, ಸೌಮ್ಯಶ್ರೀ ಅಂಗಳದಲ್ಲಿ ಬೆನ್ನು ಹಾಕಿ ಒಬ್ಬಳೇ ಕುಂಟೆಬಿಲ್ಲೆ ಆಡುತ್ತಿದ್ದಳು. ಚೈತ್ರ ಕರೆದಳು. ಇನ್ನೊಮ್ಮೆ ಕರೆದಳು. ಹುಡುಗಿ ತಿರುಗಲಿಲ್ಲ. ಅವಳ ಕಿವಿಯ ಹಿಂದೆ ಮಿಷನ್ ಇತ್ತು, ವೈರು ಇರಲಿಲ್ಲ.

"ಸ್ಪೇರ್ ಅಂದ್ರಲ್ಲಾ ಬಸವ್ವಾ..." ಚೈತ್ರ ಬಾಗಿಲಿಗೆ ಬಂದ ಬಸವ್ವನ ಕಡೆ ತಿರುಗಿದಳು.

"ಖರೇ ಹೇಳಿದ್ರ ಇಸ್ಕೊಂತಿದ್ರೇನು? ನನ್ನ ಬೈಬ್ಯಾಡ್ರಿ. ಸ್ಪೀಕರ್‌ನ್ಯಾಗ ನಿಮ್ಮ ಅಳು ಅಕಿಗೂ ಕೇಳಿತ್ತು. ತಾನ ಬಿಚ್ಚಿ ನನ್ನ ಕೈಯಾಗ ಇಟ್ಲು."

ಚೈತ್ರ ಮಗನ ಕಿವಿಯಿಂದ ವೈರು ಬಿಡಿಸಿ ಸೌಮ್ಯಶ್ರೀಯ ಮಿಷನ್ನಿಗೆ ಸಿಕ್ಕಿಸಿದಳು. ಪುಟ್ಟ ಹಸಿರು ದೀಪ ಮಿನುಗಿತು. ಈಗ ತನ್ನ ದನಿ ತನಗೇ ಕೇಳಿಸದ ರೇವಂತ ಅವಳ ಬಳಿ ಓಡಿಹೋಗಿ ಬೀದಿಗೆಲ್ಲ ಕೇಳುವಂತೆ ಕೂಗಿದ: "ಅಕ್ಕಾ, ನಂಗೆ ಸೀಟು ಸಿಕ್ತೂ!"

ವೈರು ಬಿಚ್ಚಿಕೊಟ್ಟ ಮೇಲೆ ಸೌಮ್ಯಶ್ರೀಗೆ ಕೇಳಿಸಿದ ಮೊದಲ ಮಾತು ಅದು. ಅವಳು ಕಿವಿ ಮುಚ್ಚಿಕೊಂಡು ನಕ್ಕಳು.

"ಸಾವಕಾಶ ಹೇಳೋ! ನಂಗೇನು ಕಿವಿ ಕೇಳ್ಸೂದಿಲ್ಲೇನು?"