ತೊಳೆದಿಟ್ಟ ಬೋಲ್ಟು

ಮೆಕ್ಯಾನಿಕ್ ಮೌಲಾಲಿಯ ಹತ್ತಿರ ಬಿಗಿ ಅಳೆಯುವ ಟಾರ್ಕ್ ರೆಂಚ್ ಇರಲಿಲ್ಲ. ಅವನ ಕೈಯೇ ಅಳತೆ. ಹಳೆಯ ಟ್ಯಾಕ್ಸಿಯ ಇಂಜಿನ್ನಿನ ಮೇಲಿನ ಮುಚ್ಚಳವಾದ ಹೆಡ್ ಬಿಚ್ಚಿದಾಗ, ಉದ್ದ ಬೋಲ್ಟು ಗಿಡ್ಡದರ ತೂತಿಗೆ ಹೋಗದಿರಲೆಂದು ಎಲ್ಲವನ್ನೂ ರಟ್ಟಿನ ಮೇಲೆ ಇದ್ದ ಕ್ರಮದಲ್ಲೇ ಚುಚ್ಚಿಟ್ಟಿದ್ದ. ಈಗ ಹೆಡ್ ಕೂರಿಸುವಾಗ ಕೊನೆಯದು ತಿರುಗುತ್ತಿರಲಿಲ್ಲ.

“ಯಾಕೋ ತಡೀತೈತ್ರಿ ಅಣ್ಣಾ.”

“ಉಂಡಿಲ್ಲೇನಲೇ? ಇವತ್ತಿನ ಮದುವಿ ಟ್ರಿಪ್ ತಪ್ಪಿದ್ರ ನನ್ನ ಗಾಡಿ ಮತ್ತ ಯಾರೂ ಕರಿಯಂಗಿಲ್ಲ. ಹಾಕು ಜೋರು!” ಟ್ಯಾಕ್ಸಿ ಮಾಲೀಕ ಗಿರಿಮಲ್ಲಪ್ಪ ಗದರಿದ.

ಮೌಲಾಲಿ ಮೈಭಾರ ಹಾಕಿದ. ಒಳಗೆ ಇಂಜಿನ್ ಬ್ಲಾಕ್ ಸೀಳಿದ ಸದ್ದಾಯಿತು.

ಮೌಲಾಲಿ ಬಿಚ್ಚಿ ನೋಡಿದರೆ, ಗಿಡ್ಡದರ ತೂತಿನಲ್ಲಿ ಉದ್ದ ಬೋಲ್ಟು. “ಬೋಲ್ಟು ಯಾರು ಮುಟ್ಟಿದ್ರು?”

“ನಾನ. ನೀ ಚಾಕ್ಕ ಹೋದಾಗ ಎಲ್ಲಾ ಪೆಟ್ರೋಲಿನ್ಯಾಗ ತೊಳದು, ಚಂದಂಗ ಮತ್ತ ಸಿಗಿಸಿಟ್ಟೆ. ಒಂದೂ ಕಳದಿಲ್ಲ, ಎಣಿಸ್ಕೋ.”

ಹತ್ತು ಬೋಲ್ಟುಗಳೂ ಇದ್ದವು. ಹೋದದ್ದು ಒಂದು ಇಂಜಿನ್.