ರಶ್ಮಿಯ ಮಣಿಕಟ್ಟು

ರಶ್ಮಿಯ ಕೈಗೆ ಎರಡನೇ ಬಳೆ ಏರಿಸುತ್ತಿದ್ದ ಪುಷ್ಪಮ್ಮ ತಟ್ಟನೆ ನಿಲ್ಲಿಸಿದಳು. ಸೊಸೆಯ ಮಣಿಕಟ್ಟಿನ ಮೇಲೆ ಎರಡು ಬೆರಳು ಇಟ್ಟಳು. ತೆಗೆದಳು. ಬೆರಳು ಬದಲಿಸಿ ಮತ್ತೆ ಒತ್ತಿದಳು. ಮೂರನೆಯ ಸಲವೂ ಅದೇ.

“ಏನತ್ತೆ, ಬಳೆ ಬಿಗಿಯಾಯ್ತಾ?”

“ಹೂಂ, ಬಿಗಿ. ಇಷ್ಟೇ ಸಾಕು ಬಿಡು.”

ಪುಷ್ಪಮ್ಮ ಅಡುಗೆಮನೆಗೆ ಬಂದು ಗೋಡೆ ಹಿಡಿದು ನಿಂತಳು. ಒಲೆಯ ಮೇಲೆ ಹಾಲು ಉಕ್ಕಿ ಹರಿಯುತ್ತಿತ್ತು. ಒಲೆ ಆರಿಸಬೇಕೆಂದು ಹೊಳೆಯಲು ಹೊತ್ತು ಹಿಡಿಯಿತು.

ಹದಿನಾಲ್ಕು ತಿಂಗಳ ಹಿಂದೆ, ಹೆರಿಗೆಯಾದ ಮೂರನೇ ವಾರದಲ್ಲೇ ರಶ್ಮಿಯ ಹೃದಯ ಸೋತುಹೋಗಿತ್ತು. ಬೇರೆ ಹೃದಯ ಸಿಗುವವರೆಗೆ ಎಂದು ಬೆಂಗಳೂರಿನ ವೈದ್ಯರು ಎದೆಯೊಳಗೆ ಒಂದು ಪುಟ್ಟ ಪಂಪು ಕೂರಿಸಿದ್ದರು. ಹೊಟ್ಟೆಯ ಪಕ್ಕದಿಂದ ಹೊರಬರುವ ವೈರು ಸೊಂಟದ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಎರಡು ಬ್ಯಾಟರಿಗೆ. ಮಗ ಮಲ್ಲೇಶ್ ಕಾರ್ಖಾನೆಗೆ ಹೋಗುವವನು; ಹಾಗಾಗಿ ಆಸ್ಪತ್ರೆಯವರು ಎಲ್ಲವನ್ನೂ ಪುಷ್ಪಮ್ಮನಿಗೇ ಕಲಿಸಿದ್ದರು. ಬ್ಯಾಟರಿ ಬದಲಿಸುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬಾರದು.

ಈಗ ಬೆರಳಿಗೆ ಗೊತ್ತಾದದ್ದು ಹೆದರಬೇಕಾದದ್ದು.

ಪೆಟ್ಟಿಗೆಯ ದೀಪ ಹಸಿರಾಗಿಯೇ ಇತ್ತು. ಅಲಾರಂ ಕೂಗಿರಲಿಲ್ಲ. ಆದರೆ ಪೆಟ್ಟಿಗೆಯೇ ಕೆಟ್ಟಿದ್ದರೆ ಕೂಗುವುದಾದರೂ ಯಾರು? ಬೆಂಗಳೂರಿಗೆ ಫೋನು ಮಾಡಿದಳು. ಎರಡು ಸಲವೂ ರಿಂಗಾಗಿ ನಿಂತಿತು. ಮಲ್ಲೇಶ್ ಶಿಫ್ಟಿನಲ್ಲಿದ್ದ, ಅಲ್ಲಿ ಫೋನು ಗೇಟಿನಲ್ಲೇ ಬಿಟ್ಟು ಹೋಗಬೇಕು.

ಪುಷ್ಪಮ್ಮ ಪಕ್ಕದ ಮನೆಗೆ ಓಡಿದಳು. ಮಗುವನ್ನು ವಜೀರಾಳ ಮಡಿಲಿಗೆ ಹಾಕಿ, ಅವಳ ಗಂಡ ಮಹಮ್ಮದನಿಗೆ ಕಾರು ತೆಗೆಯಲು ಹೇಳಿದಳು.

“ನಿಮ್ಮ ನೆಂಟರ ಗೃಹಪ್ರವೇಶ ಹನ್ನೊಂದಕ್ಕೆ ಅಂದಿದ್ರಲ್ಲಮ್ಮ?”

“ಅಲ್ಲಿಗಲ್ಲ, ಮೊದ್ಲು ಆಸ್ಪತ್ರೆಗೆ. ಅವಳ ಮುಂದೆ ಏನೂ ಕೇಳ್ಬೇಡಿ.”

ಆಸ್ಪತ್ರೆಯಲ್ಲಿ ಬ್ಯಾಟರಿ ತೋರಿಸಿಕೊಂಡು ಹೋಗೋಣ ಎಂದು ರಶ್ಮಿಗೆ ಹೇಳಿದಳು. ರೇಷ್ಮೆ ಸೀರೆಯುಟ್ಟ ರಶ್ಮಿ ಖುಷಿಯಾಗಿಯೇ ಕಾರು ಹತ್ತಿದಳು. ಭದ್ರಾವತಿ ದಾಟುವ ಮೊದಲೇ ಹಸಿವೆ ಎಂದಳು. ಚಕ್ಕುಲಿ ತಿಂದಳು. ಪಕ್ಕದಲ್ಲಿ ಕೂತ ಪುಷ್ಪಮ್ಮ ಅವಳ ಕೈ ಬಿಡಲೇ ಇಲ್ಲ. ಸೊಸೆ ನಕ್ಕಾಗಲೆಲ್ಲ ಇದೇ ಕೊನೆಯ ನಗುವೇನೋ ಅನ್ನಿಸುತ್ತಿತ್ತು. ಇನ್ನೆಷ್ಟು ಹೊತ್ತು? ಅರ್ಧ ಗಂಟೆ? ಹತ್ತು ನಿಮಿಷ?

ಮಾಚೇನಹಳ್ಳಿಯ ಹತ್ತಿರ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಮಲ್ಲೇಶನ ಕಾರ್ಖಾನೆಯ ಗೇಟು ಅಲ್ಲೇ ಕಾಣುತ್ತಿತ್ತು. ಇಳಿದು ಹೋಗಿ ಕರೆಯಲೇ? ಅಷ್ಟರಲ್ಲಿ ಏನಾದರೂ ಆದರೆ? ಪುಷ್ಪಮ್ಮ ಗೇಟಿನಿಂದ ಮುಖ ತಿರುಗಿಸಿದಳು.

ಅವಳು ಸೊಸೆಯ ಮಣಿಕಟ್ಟನ್ನು ಮತ್ತೆ ಮತ್ತೆ ಒತ್ತುವುದನ್ನು ಮಹಮ್ಮದ್ ಕನ್ನಡಿಯಲ್ಲಿ ನೋಡುತ್ತಿದ್ದ. ಕಾರು ನಿಂತೇ ಇದ್ದುದರಿಂದ ಹಿಂದೆ ತಿರುಗಿದ.

“ಬೇಟಿ, ಕೈ ಕೊಡು. ನಮ್ಮಪ್ಪ ಹಾಸಿಗೆ ಹಿಡಿದಾಗ ದಿನಾ ನಾನೇ ನೋಡ್ತಿದ್ದೆ.” ಕಣ್ಣು ಮುಚ್ಚಿ ಮಣಿಕಟ್ಟು ಒತ್ತಿ ಹಿಡಿದ. ಮುಖ ಅರಳಿತು. “ನಾಡಿ ಚೆನ್ನಾಗೇ ಇದೆಯಲ್ಲ ಪುಷ್ಪಮ್ಮಾರೆ. ಸುಮ್ನೆ ಯಾಕೆ ಹೆದರ್ತೀರಿ?”

ಪುಷ್ಪಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

“ಬೇಗ ಹೋಗಿ ಮಾರಾಯ್ರೆ,” ಎಂದಷ್ಟೇ ಹೇಳಿದಳು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಲಿಫ್ಟಿನ ಮುಂದೆ ದೊಡ್ಡ ಸಾಲಿತ್ತು. ಮಹಮ್ಮದನನ್ನು ಕಾರಿನ ಬಳಿ ಬಿಟ್ಟು ಅತ್ತೆ ಸೊಸೆ ಎರಡನೇ ಮಹಡಿಗೆ ಮೆಟ್ಟಿಲು ಹತ್ತಿದರು. ಮೇಲೆ ಮುಟ್ಟುವಷ್ಟರಲ್ಲಿ ಪುಷ್ಪಮ್ಮನಿಗೆ ಏದುಸಿರು. ರಶ್ಮಿಯೇ ಅವಳ ರಟ್ಟೆ ಹಿಡಿದು ಕೂರಿಸಿದಳು. ಡ್ಯೂಟಿಯಲ್ಲಿದ್ದ ಡಾಕ್ಟರ್ ಅಕ್ಷರಾ ಇನ್ನೂ ಚಿಕ್ಕ ವಯಸ್ಸಿನವಳು. ರಶ್ಮಿಯ ಕೈ ಹಿಡಿದು ಗಡಿಯಾರ ನೋಡಿ ಹೇಳಿದಳು:

“ಎಪ್ಪತ್ತೆಂಟು. ನಾರ್ಮಲ್ ಇದೆ. ಹೊರಗೆ ಕೂತಿರಿ.”

“ನಾರ್ಮಲ್ ಅನ್ಬೇಡಿ ಮೇಡಂ,” ಪುಷ್ಪಮ್ಮ ಮೇಜಿನ ಅಂಚು ಹಿಡಿದುಕೊಂಡಳು. “ದೊಡ್ಡ ಡಾಕ್ಟ್ರನ್ನ ಕರೀರಿ. ಕೈ ಮುಗೀತೀನಿ. ಅವಳ ಎದೇಲಿ ಪಂಪಿದೆ.”

ಅಕ್ಷರಾಳ ಮುಖದ ಬಣ್ಣ ಬದಲಾಯಿತು. ಅವಳು ಮತ್ತೊಮ್ಮೆ ಮಣಿಕಟ್ಟು ಮುಟ್ಟಿ ನೋಡಿ, ಫೋನಿನತ್ತ ಓಡಿದಳು.

ಹೃದಯತಜ್ಞ ಸತೀಶ್ ಬಂದು ರಶ್ಮಿಯನ್ನು ಸ್ಕ್ಯಾನಿಂಗ್ ಕೋಣೆಗೆ ಕರೆದೊಯ್ದರು. ಬಾಗಿಲು ಮುಚ್ಚಿತು. ಹೊರಗೆ ಬೆಂಚಿನ ಮೇಲೆ ಪುಷ್ಪಮ್ಮ ಒಬ್ಬಳೇ ಉಳಿದಳು. ಮಗುವಿಗೆ ‘ಅಮ್ಮ’ ಅನ್ನಲು ಬಂದು ಇನ್ನೂ ತಿಂಗಳಾಗಿಲ್ಲ. ಮಲ್ಲೇಶ್ ಬಂದರೆ ಏನು ಹೇಳುವುದು? ನಿನ್ನ ಕಾರ್ಖಾನೆಯ ಮುಂದೆಯೇ ಬಂದೆವು, ಕರೆಯಲಿಲ್ಲ ಎಂದೇ?

ಮುಕ್ಕಾಲು ಗಂಟೆಯ ಮೇಲೆ ಸತೀಶ್ ಹೊರಬಂದರು. ಪುಷ್ಪಮ್ಮ ಏಳಹೋದಳು. ಅವರೇ ಪಕ್ಕದಲ್ಲಿ ಕೂತರು.

“ಬೆಂಗಳೂರಿನವರ ಹತ್ರ ಮಾತಾಡಿದೆ. ನೀವು ಯಾಕೆ ಹೆದರಿದ್ರಿ ಅಂತ ಅವರಿಗೂ ಅರ್ಥ ಆಯ್ತು.”

“ಈ ಪಂಪು ನಲ್ಲಿ ನೀರಿನ ಹಾಗೆ ಒಂದೇ ಸಮ ರಕ್ತ ಹರಿಸುತ್ತೆ, ಹಾಗಾಗಿ ನಾಡಿ ಸಿಗೋದಿಲ್ಲ ಅಂತ ಹೇಳಿ ಕಳ್ಸಿದ್ರು ಡಾಕ್ಟ್ರೇ,” ಎಂದಳು ಪುಷ್ಪಮ್ಮ. “ಇಷ್ಟು ತಿಂಗಳು ಯಾವಾಗ ಮುಟ್ಟಿದ್ರೂ ಸಿಕ್ಕಿರ್ಲಿಲ್ಲ. ಇವತ್ತು ಬಡೀತಾ ಇದೆ. ಪಂಪು ನಿಂತುಹೋಯ್ತಲ್ವಾ?”

“ಇಲ್ಲಮ್ಮ, ಪಂಪು ಸರಿಯಾಗೇ ಓಡ್ತಿದೆ.”

“ಹಾಗಾದ್ರೆ ಬಡೀತಿರೋದು ಏನು?”

“ಸೋತುಹೋಯ್ತು ಅಂತ ನಾವೆಲ್ಲ ಕೈಬಿಟ್ಟಿದ್ದ ನಿಮ್ಮ ಸೊಸೆಯ ಹೃದಯ,” ಎಂದರು ಸತೀಶ್. “ಪಂಪು ತೆಗೆಯಬಹುದಾ ನೋಡ್ಬೇಕು, ಬೆಂಗಳೂರಿಗೆ ಕರ್ಕೊಂಡು ಬನ್ನಿ ಅಂತಿದ್ದಾರೆ.”