ಭಾನುವಾರದ ಮಾತ್ರೆ

ರಾತ್ರಿ ಹನ್ನೆರಡಕ್ಕೆ ಇನ್ನು ಹತ್ತು ನಿಮಿಷವಿತ್ತು. ಬಾತ್‌ರೂಮಿನಿಂದ 'ಚಿಟಕ್' ಎಂಬ ಸಣ್ಣ ಸದ್ದು ಬಂತು. ತಗಡಿನ ಹಾಳೆ ಒಡೆದು ಮಾತ್ರೆ ಅಂಗೈಗೆ ಬೀಳುವ ಸದ್ದು. ಶೇಷಾದ್ರಿ ಹಾಸಿಗೆಯಲ್ಲಿ ತಲೆ ಎತ್ತಿದ. ಬೆಳಿಗ್ಗೆ ಹತ್ತಕ್ಕೆ ಅನುದಾನ ಸಮಿತಿಯ ಮುಂದೆ ನಿಲ್ಲಬೇಕಿತ್ತು. ನಿದ್ದೆ ಹೇಗೂ ಬಂದಿರಲಿಲ್ಲ.

"ತಲೆನೋವಾ?"

ನೀರಿನ ಲೋಟ ಹಿಡಿದು ಬಂದ ವತ್ಸಲಾ ಬಾಗಿಲಲ್ಲೇ ನಿಂತಳು. "ನಗಬಾರ್ದು ನೀವು. ಮಲೇರಿಯಾ ಮಾತ್ರೆ."

ಇಪ್ಪತ್ತೆರಡು ವರ್ಷಗಳಿಂದ ಲಂಡನ್ನಿನ ಪ್ರಯೋಗಶಾಲೆಯೊಂದರಲ್ಲಿ ಅವನು ಮಲೇರಿಯಾಕ್ಕೆ ಹೊಸ ಔಷಧಿ ಹುಡುಕುತ್ತಿದ್ದ. ಅಷ್ಟೂ ವರ್ಷ, ಭಾರತಕ್ಕೆ ಹೊರಟಾಗಲೆಲ್ಲ ಗಂಡ ಹೆಂಡತಿಗೆ ಅದೊಂದೇ ಜಗಳ. "ಹುಟ್ಟಿದ ದೇಶಕ್ಕೆ ಹೋಗೋಕೂ ಮಾತ್ರೆ ನುಂಗ್ಬೇಕೇನ್ರೀ?" ಎಂದು ಅವಳು ಡಬ್ಬಿಯನ್ನು ತಳ್ಳಿಬಿಡುತ್ತಿದ್ದಳು. ತಮ್ಮ ಪಿನ್ನರ್ ಬಡಾವಣೆಯ ಗೆಳೆಯರ ಮನೆಯ ಯುಗಾದಿ ಊಟದಲ್ಲಿ ಅವನು ಪ್ರತಿವರ್ಷ ಇದನ್ನೇ ಹೇಳಿ ನಗಿಸುತ್ತಿದ್ದ.

"ಯಾವಾಗಿಂದ?" ಎಂದು ಕೇಳಿದ.

"ಈ ಸಲ ನಾನೊಬ್ಳೇ ಮಂಗಳೂರಿಗೆ ಹೊರಡೋಕೆ ಮುಂಚಿಂದ. ತಂಗಿ ಪಕ್ಕದ ಮನೆಯವರ ಸೊಸೆ ಮಲೇರಿಯಾ ಬಂದು ಹೋಗ್ಬಿಟ್ಲಲ್ಲ, ಹೆದರಿಕೆ ಆಯ್ತು. ನಾನೇ ಕೆಮಿಸ್ಟ್ ಹತ್ರ ಹೋಗಿ ತಂದೆ. ವಾಪಸ್ ಬಂದ್ಮೇಲೂ ನಾಲ್ಕು ಭಾನುವಾರ ತಗೋಬೇಕಂತೆ. ಇದು ಮೂರನೇದು, ಮರೆತೇಬಿಟ್ಟಿದ್ದೆ." ಲೋಟ ಕೆಳಗಿಟ್ಟಳು. "ನಿಮಗೆ ಹೇಳಿದ್ರೆ ಪಿನ್ನರ್ ಪೂರ್ತಿ ಡಂಗುರ ಹೊಡೆಸ್ತೀರಿ ಅಂತ ಸುಮ್ಮನಿದ್ದೆ. ಗೆದ್ರಿ ಬಿಡಿ."

ಶೇಷಾದ್ರಿ ನಗಲಿಲ್ಲ. ಎರಡು ವಾರದ ಹಿಂದಿನ ಸೋಮವಾರ ನೆನಪಾಯಿತು. ಬ್ಯಾಂಕ್ ಹಾಲಿಡೇ ಎಂದು ಊರಿಗೆಲ್ಲ ರಜೆ, ಕಟ್ಟಡದಲ್ಲಿ ಅವನೊಬ್ಬನೇ. ಮಲೇರಿಯಾದ ರೋಗಾಣು ಪ್ರಯೋಗಶಾಲೆಯಲ್ಲೂ ಮನುಷ್ಯರ ರಕ್ತದಲ್ಲೇ ಬೆಳೆಯಬೇಕು. ಔಷಧಿ ಹಾಕದೆ ಹೋಲಿಕೆಗೆ ಇಡುವ ತಟ್ಟೆಗಳನ್ನು ತುಂಬುವಷ್ಟರಲ್ಲೇ ರಕ್ತನಿಧಿಯ ರಕ್ತ ಮುಗಿದುಹೋಗಿತ್ತು. ಔಷಧಿ ಹಾಕಬೇಕಾದ ತಟ್ಟೆಗಳಿಗೆ ಏನೂ ಉಳಿದಿರಲಿಲ್ಲ. ಎರಡಕ್ಕೂ ಒಂದೇ ರಕ್ತ ಇರಬೇಕೆಂದು ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದವನು, ಸಮಿತಿಗೆ ಫಲಿತಾಂಶ ತಡವಾಗಬಾರದೆಂದು ಅವಸರಪಟ್ಟ. ಅವನಿಗೆ ಊಟ ತಂದಿದ್ದ ವತ್ಸಲಾ ಸೀರೆಯ ಸೆರಗು ಸರಿಸಿ ತೋಳು ಚಾಚಿದಳು. "ನೋಡಿ ತೆಗೀರಿ. ಇಷ್ಟು ವರ್ಷ ನೀವು ಹೀರಿ ಉಳಿಸಿರೋದೇ ಇಷ್ಟು," ಅಂದಿದ್ದಳು.

ರಕ್ತ ಕೊಡುವವರ ಫಾರ್ಮಿನಲ್ಲಿ ಒಂದು ಪ್ರಶ್ನೆ ಇತ್ತು: ಈಚೆಗೆ ಮಲೇರಿಯಾ ಮಾತ್ರೆ ತೆಗೆದುಕೊಂಡಿದ್ದೀರಾ? ಅವಳನ್ನು ಕೇಳಬೇಕೆಂದು ಅವನಿಗೆ ಅನ್ನಿಸಲೇ ಇಲ್ಲ. 'ಇಲ್ಲ' ಎಂಬಲ್ಲಿ ತಾನೇ ಗುರುತು ಹಾಕಿ ಸಹಿ ಮಾಡಿದ.

ಮೂರನೆಯ ದಿನ ಸೂಕ್ಷ್ಮದರ್ಶಕದಿಂದ ಮುಖ ಎತ್ತಿದ ಸಹಾಯಕಿ ಮಾಳವಿಕಾ ಖುಷಿಗೆ ಅತ್ತುಬಿಟ್ಟಿದ್ದಳು. "ಸರ್, ಎಲ್ಲಾ ಸತ್ತಿವೆ." ಹನ್ನೊಂದು ಔಷಧಿಗಳು ಸೋತಿದ್ದವು, ಹನ್ನೆರಡನೆಯದು ಗೆದ್ದಿತ್ತು. ಅತಿ ಕಡಿಮೆ ಔಷಧಿ ಹಾಕಿದ ತಟ್ಟೆಯಲ್ಲಿ ಕೂಡ ಒಂದೂ ಉಳಿದಿರಲಿಲ್ಲ. ಅದು ಅವನಿಗೆ ವಿಚಿತ್ರವೆನಿಸಿತ್ತು, ಆದರೆ ಹೆಚ್ಚು ಯೋಚಿಸಿರಲಿಲ್ಲ. ಈಗ ಅರ್ಥವಾಯಿತು. ಕೊಂದದ್ದು ಅವನ ಔಷಧಿಯಲ್ಲ, ವತ್ಸಲಾಳ ರಕ್ತದಲ್ಲಿದ್ದ ಕೆಮಿಸ್ಟ್ ಅಂಗಡಿಯ ಮಾತ್ರೆ.

"ಏನ್ರೀ, ಮುಖ ಹಾಗ್ಯಾಕೆ ಮಾಡ್ಕೊಂಡ್ರಿ?" ವತ್ಸಲಾ ಮಂಚದ ಅಂಚಿನಲ್ಲಿ ಕೂತಳು. ಅವಳ ಕಣ್ಣು ಅವನನ್ನು ಬಿಟ್ಟು ಅಲುಗಲಿಲ್ಲ. "ಅವತ್ತು ರಕ್ತ ಕೊಟ್ಟೆನಲ್ಲ. ಅದಕ್ಕೇನಾದ್ರೂ ತೊಂದ್ರೆ ಆಯ್ತಾ?"

ನಾಳೆ ಸಮಿತಿಗೆ ಒಂದು ವಾಕ್ಯ ಹೇಳಿದರೆ ಸಾಕು. ಫಲಿತಾಂಶ ತಪ್ಪು, ಹಿಂದಕ್ಕೆ ಪಡೆಯುತ್ತೇನೆ. ಆಮೇಲೆ ಅನುದಾನ ಇಲ್ಲ, ಪ್ರಯೋಗಶಾಲೆ ಇಲ್ಲ. ಆಗಸ್ಟಿಗೆ ಮಾಳವಿಕಾಳ ವೀಸಾ ಮುಗಿಯುತ್ತದೆ. ಹೇಳದಿದ್ದರೆ ಅವಳಿಗೆ ಇಲ್ಲಿ ಮೂರು ವರ್ಷ ಕೆಲಸವಿರುತ್ತದೆ; ಮೂರು ವರ್ಷವೂ ಯಾರನ್ನೂ ಗುಣಪಡಿಸದ ಔಷಧಿಯ ಹಿಂದೆ ಅಲೆಯುತ್ತಾಳೆ. ಅವನಿಗೆ ಐವತ್ತೊಂಬತ್ತು. ಹದಿಮೂರನೆಯ ಔಷಧಿಗೆ ಯಾರೂ ಕಾಯುವುದಿಲ್ಲ.

ನಿಜ ತಿಳಿದರೆ ವತ್ಸಲಾ ಜೀವಮಾನವಿಡೀ ನೊಂದುಕೊಳ್ಳುತ್ತಾಳೆ, ಅವಳಿಗೋಸ್ಕರವಾದರೂ ಬಾಯಿ ಮುಚ್ಚಿಕೊಂಡಿರಬೇಕು ಎಂದುಕೊಂಡ. ಹಾಗೆ ಅಂದುಕೊಳ್ಳುವಾಗಲೇ ಅದು ಅವಳಿಗೋಸ್ಕರ ಅಲ್ಲವೆಂದು ಅವನಿಗೆ ಗೊತ್ತಿತ್ತು. ಆದರೂ ತೀರ್ಮಾನ ಆಗಿಹೋಯಿತು. ಸಮಿತಿಗಾಗಲಿ, ಮಾಳವಿಕಾಗಾಗಲಿ, ಇವಳಿಗಾಗಲಿ ಹೇಳುವುದಿಲ್ಲ.

"ಇಲ್ಲ," ಅಂದ. "ರಕ್ತಕ್ಕೂ ಇದಕ್ಕೂ ಸಂಬಂಧ ಇಲ್ಲ."

"ಅಬ್ಬಾ. ಒಂದು ಕ್ಷಣ ಜೀವ ಹೋದ ಹಾಗಾಯ್ತು." ಅವಳು ಮಲಗಿ ಹೊದಿಕೆ ಎಳೆದುಕೊಂಡಳು.

ಅವನು ದೀಪ ಆರಿಸಿದ. ಕತ್ತಲೆಯಲ್ಲಿ, ವೈದ್ಯರು ರೋಗಿಗಳೊಡನೆ ಆಡುವ ಮೆಲುದನಿಯಲ್ಲಿ ಹೇಳಿದ: "ಮುಂದಿನ ಭಾನುವಾರದ್ದು ತಪ್ಪಿಸ್ಬೇಡ ವತ್ಸಲಾ. ಇಂಥದ್ದನ್ನ ಅರ್ಧಕ್ಕೆ ಬಿಡಬಾರ್ದು."